ಹಳೆಯ ಜಿಪಿಎಸ್ ಗೆರೆ ಹಿಡಿದು ಚಿಕ್ಕಬಳ್ಳಾಪುರದ ಗುಡ್ಡಗಳಿಗೆ ಸೈಕಲ್ ಒಯ್ಯುವ ಮುನ್ನ

ಕಳೆದ ಫೆಬ್ರವರಿಯ ಒಂದು ಭಾನುವಾರ ನನ್ನ ಅಕ್ಕನ ಮಗ ಸೈಕಲ್‌ನಿಂದ ಬಿದ್ದು ಅವನ ಭುಜದ ಮುಂದಿನ ಮೂಳೆ (ಕಾಲರ್ ಬೋನ್) ಮುರಿಯಿತು. ಅವನು ಬಿದ್ದ ಜಾಗದಿಂದ ಮೂರು ಅಡಿ ಮುಂದೆ ನೆಲವೇ ಇರಲಿಲ್ಲ. ಆ ದಾರಿಯನ್ನು ಆರಿಸಿದವನು ನಾನು, ಹತ್ತೊಂಬತ್ತು ವರ್ಷದ ಹುಡುಗನನ್ನು ಕರೆದುಕೊಂಡು ಹೋದವನೂ ನಾನೇ. ಬೇರೆ ಯಾರೂ ಅದೇ ತಪ್ಪನ್ನು ಮಾಡಬಾರದು ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಂದಿ ಬೆಟ್ಟದ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಕಾರುಗಳ ಸಾಲು ಹೇಗಿರುತ್ತದೆ ಎಂಬುದು ಇಲ್ಲಿನ ಸೈಕಲ್ ಸವಾರರಿಗೆಲ್ಲ ಗೊತ್ತು. ಅದನ್ನು ತಪ್ಪಿಸಿಕೊಳ್ಳಲು ಮಣ್ಣಿನ ದಾರಿ ಹುಡುಕುತ್ತಿದ್ದಾಗ, ಚಿಕ್ಕಬಳ್ಳಾಪುರದಿಂದ ಹೊರಟು ಪೇರೇಸಂದ್ರದ ಕಡೆಯ ಗುಡ್ಡಗಳನ್ನು ಬಳಸಿ ಬರುವ 46 ಕಿಲೋಮೀಟರ್‌ಗಳ ಸುತ್ತೊಂದರ ಜಿಪಿಎಸ್ ಗೆರೆ, ಅಂದರೆ ಹಿಂದೆ ಯಾರೋ ಹೋದ ದಾರಿಯನ್ನು ನಕ್ಷೆಯ ಮೇಲೆ ದಾಖಲಿಸಿಟ್ಟ ಗೆರೆ, ಒಂದು ಆ್ಯಪ್‌ನಲ್ಲಿ ಸಿಕ್ಕಿತು. ‘ಸುಲಭ’ ಎಂದು ಬರೆದಿತ್ತು, ಜೊತೆಗೆ ಒಳ್ಳೆಯ ಫೋಟೋಗಳಿದ್ದವು. ಅದನ್ನು ದಾಖಲಿಸಿದ್ದು 2016ರಲ್ಲಿ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಓದಿದೆ, ಆದರೆ ಅದಕ್ಕೆ ಯಾವ ಅರ್ಥವಿದೆ ಎಂದು ಯೋಚಿಸಲಿಲ್ಲ.

ಆ ಅರ್ಥ ಹದಿನಾಲ್ಕನೇ ಕಿಲೋಮೀಟರಿನಲ್ಲೇ ತಿಳಿಯತೊಡಗಿತು. ಗೆರೆ ನೇರವಾಗಿ ಒಂದು ಕೆರೆಯ ಅಂಗಳದ ನಡುವೆ ಹಾದುಹೋಗಿತ್ತು. ದಾಖಲಿಸಿದವರು ಅಲ್ಲಿ ಹೋದಾಗ ಅದು ಬಿರುಕುಬಿಟ್ಟ ಒಣನೆಲವಾಗಿದ್ದಿರಬೇಕು. ನಮ್ಮ ಜಿಲ್ಲೆಯ ಬಹುಪಾಲು ಕೆರೆಗಳು ಆಗ ಹಾಗೆಯೇ ಇದ್ದವು. ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೂ, ಬಳಿಕ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆಯ ಕೆರೆಗಳಿಗೂ ಹರಿಸಲಾರಂಭಿಸಿದ ಮೇಲೆ, ವರ್ಷಗಟ್ಟಲೆ ಬತ್ತಿದ್ದ ಎಷ್ಟೋ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರಿದೆ. ಅಂಚಿನಲ್ಲಿ ಮೇಲೆ ಒಣಗಿದಂತೆ ಕಂಡ ಹೂಳಿನೊಳಗೆ ಮುಂದಿನ ಚಕ್ರ ಅಚ್ಚಿನವರೆಗೆ ಇಳಿಯಿತು. ಸೈಕಲ್ ಕಿತ್ತುಕೊಂಡು, ಹೆಗಲ ಮೇಲೆ ಹೊತ್ತು ಕೆರೆಯ ಏರಿ ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಏರಿಯ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ನನ್ನ ಹಿಂದಿನ ಟೈರಿನಿಂದಲೇ ಏಳು ಮುಳ್ಳು ತೆಗೆದೆ. ತಂದಿದ್ದ ಎರಡೂ ಟ್ಯೂಬುಗಳು ಅಲ್ಲಿಗೇ ಮುಗಿದವು.

ಆಗಲೇ ಹಿಂದಿರುಗಬೇಕಿತ್ತು. ಕೆರೆಯಂಥ ಕೆರೆಯೇ ಬದಲಾಗಿರುವಾಗ ಮುಂದಿನ ಗುಡ್ಡ ಮಾತ್ರ ಹಾಗೆಯೇ ಉಳಿದಿರುತ್ತದೆ ಎಂದು ನಂಬಲು ನನಗೆ ಯಾವ ಆಧಾರವೂ ಇರಲಿಲ್ಲ. ‘ಇನ್ನು ಸ್ವಲ್ಪವೇ ತಾನೆ ಮಾವ, ಹೋಗೋಣ’ ಎಂದು ಹುಡುಗ ಅಂದ. ಬೇಡ ಎನ್ನುವ ವಿವೇಕ ತೋರಬೇಕಾದವನು ನಾನಾಗಿದ್ದೆ.

ನಮ್ಮ ಬೆಟ್ಟಗಳು ಕಣಶಿಲೆಯವು (ಗ್ರಾನೈಟ್). ಬಿಸಿಲು ಮಳೆಗೆ ಸವೆದು, ಹಾಸುಬಂಡೆಗಳ ಮೇಲೆ ಜೋಳದ ಕಾಳಿನಷ್ಟು ದಪ್ಪದ ಕಲ್ಲುಪುಡಿ ಸದಾ ಹರಡಿಕೊಂಡಿರುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಅದು ಸ್ವಲ್ಪ ಬಿಗಿಯಾಗಿ ಕೂತಿರುತ್ತದೆ. ಫೆಬ್ರವರಿಯ ಹೊತ್ತಿಗೆ ಪೂರ್ತಿ ಒಣಗಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ತಿರುಗುವುದು ನಿಂತರೂ ಸೈಕಲ್ ಜಾರುವುದು ನಿಲ್ಲುವುದಿಲ್ಲ. ಅಂಥ ಇಳಿಜಾರಿನಲ್ಲಿ ಅವನು ನನಗಿಂತ ಮೂವತ್ತು ಅಡಿ ಮುಂದಿದ್ದ. ಪಕ್ಕದ ಲಂಟಾನದ ಎಲೆಗಳೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಿದ್ದುದನ್ನು ಗಮನಿಸಿದ್ದೆ. ಅದು ಕ್ವಾರಿಯ ದೂಳು ಎಂದು ಹೊಳೆಯುವಷ್ಟರಲ್ಲಿ ಅವನು ಕೂಗಿದ. ಫೋನಿನಲ್ಲಿ ದಾರಿ ಮುಂದೆ ಇನ್ನೂ ನೂರಾರು ಮೀಟರ್ ಇತ್ತು. ನೆಲದ ಮೇಲೆ ಮಾತ್ರ ಗುಡ್ಡವನ್ನು ಚಾಕುವಿನಿಂದ ಕೊಯ್ದಂತೆ ಕಡಿದು ಹಾಕಲಾಗಿತ್ತು. ಕೆಳಗೆ ಐವತ್ತು ಅರವತ್ತು ಅಡಿ ಆಳದಲ್ಲಿ ಹಸಿರು ನೀರು ನಿಂತಿತ್ತು. ಬೇಲಿಯಿಲ್ಲ, ಫಲಕವಿಲ್ಲ, ಒಂದು ಹಗ್ಗ ಕೂಡ ಇರಲಿಲ್ಲ. ಅವನು ಬೇಕೆಂದೇ ಎಡಕ್ಕೆ ಉರುಳಿಬಿದ್ದ, ಹಾಗಾಗಿ ಉಳಿದ. ಸೈಕಲ್ ಅಂಚಿನಲ್ಲಿ ಸಿಕ್ಕಿಕೊಂಡು, ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇತ್ತು.

ನಾನು ಅವನ ಬಳಿ ಓಡುವಷ್ಟರಲ್ಲಿ ಮೇಲಿನಿಂದ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗಿಕೊಂಡರು: ‘ಅಲ್ಲಿರಬೇಡ್ರಪ್ಪಾ, ಬೇಗ ಹಿಂದಕ್ಕೆ ಬನ್ನಿ, ಸೀಟಿ ಹೊಡೆದವ್ರೆ, ಮದ್ದು ಸಿಡಿಸ್ತಾರೆ!’ ಆ ಸೀಟಿ ನಮಗೂ ಕೇಳಿಸಿತ್ತು, ಯಾರೋ ದನ ಕರೆಯುತ್ತಿದ್ದಾರೆ ಎಂದುಕೊಂಡಿದ್ದೆವು. ಅವರೇ ಹುಡುಗನ ಇನ್ನೊಂದು ತೋಳು ಹಿಡಿದು ಬಂಡೆಯ ಮರೆಗೆ ಎಳೆದುಕೊಂಡರು. ಸಿಡಿತವಾಯಿತು, ಕಾಲಡಿಯ ಬಂಡೆ ನಡುಗಿತು. 2021ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕ್ವಾರಿಯಲ್ಲಿ ಬಂಡೆ ಸಿಡಿಸಲು ಬಳಸುವ ಜಿಲೆಟಿನ್ ಸ್ಫೋಟಿಸಿ 6 ಮಂದಿ ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದ ನಾನು, ಕ್ವಾರಿಗಳ ನಡುವೆ ದಾರಿ ಆರಿಸುವಾಗ ಅದನ್ನು ನೆನೆಯಲೇ ಇಲ್ಲ.

ಆಂಬುಲೆನ್ಸ್ ಅಲ್ಲಿಗೆ ಬರುವಂತಿರಲಿಲ್ಲ. ಟವಲ್ಲಿನಿಂದ ತೋಳನ್ನು ಎದೆಗೆ ಬಿಗಿದು ಎರಡು ಕಿಲೋಮೀಟರ್ ನಡೆಸಿ, ಹಾಲಿನ ವ್ಯಾನೊಂದರಲ್ಲಿ ಊರಿಗೆ ತಂದೆವು. ಆರು ವಾರ ತೋಳನ್ನು ಜೋಳಿಗೆಯಲ್ಲಿಟ್ಟುಕೊಂಡು ಈಗ ಗುಣವಾಗಿದ್ದಾನೆ.

ಈಗ ನಾನು ದಾರಿ ಆರಿಸುವ ರೀತಿಯೇ ಬೇರೆ. ಮೊದಲು ನೋಡುವುದು ಅದನ್ನು ದಾಖಲಿಸಿದ ದಿನಾಂಕ. ಒಂದು ವರ್ಷಕ್ಕಿಂತ ಹಳೆಯದಾದರೆ, ಹೊಸದಾಗಿ ಹೋಗಿಬಂದವರು ಸಿಗುವವರೆಗೆ ಮುಟ್ಟುವುದಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬಹುದು: ಗುಡ್ಡದ ಮೇಲೆ ಬಿಳಿಯ ಕಲೆ ಹರಡಿದ್ದರೆ ಕ್ವಾರಿ, ಕೆರೆಯ ಅಂಗಳ ಕಪ್ಪಾಗಿದ್ದರೆ ನೀರು. ಹತ್ತು ನಿಮಿಷದ ಈ ಕೆಲಸ ಮಾಡಿದ್ದರೆ ನಾವು ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಆದರೆ ಚಿತ್ರವೂ ತಿಂಗಳುಗಟ್ಟಲೆ ಹಳೆಯದಿರುತ್ತದೆ. ಆದ್ದರಿಂದ ಹಿಂದಿನ ದಿನವೇ ದಾರಿಯ ಊರಿನ ಹಾಲಿನ ಡೇರಿಯ ಬಳಿ ನಿಂತು, ಗುಡ್ಡದಲ್ಲಿ ಕ್ವಾರಿ ಇದೆಯೇ, ಯಾವ ಹೊತ್ತಿಗೆ ಮದ್ದು ಸಿಡಿಸುತ್ತಾರೆ, ಕುರಿಯವರು ಈಗ ಯಾವ ದಾರಿಯಲ್ಲಿ ಇಳಿಯುತ್ತಾರೆ ಎಂದು ಕೇಳುತ್ತೇನೆ. ಕುರಿ ಇಳಿಯದ ದಾರಿಯಲ್ಲಿ ಸೈಕಲ್ ಇಳಿಸುವುದಿಲ್ಲ. ಅರಣ್ಯ ಇಲಾಖೆಯ ಗಡಿಕಲ್ಲು ಕಂಡರೆ ಅಲ್ಲಿಂದಾಚೆಗೆ ಅನುಮತಿಯಿಲ್ಲದೆ ಹೋಗುವುದಿಲ್ಲ. ಮೀಸಲು ಅರಣ್ಯದೊಳಗೆ ಹಾಗೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಹೊಸಬರಿಗೆ ಭೋಗನಂದೀಶ್ವರ ದೇವಸ್ಥಾನದಿಂದ ಮುದ್ದೇನಹಳ್ಳಿಯ ಕಡೆಗಿನ ಹಳ್ಳಿ ರಸ್ತೆಗಳು ಸಾಕು. ದ್ರಾಕ್ಷಿ ತೋಟಗಳ ನಡುವೆ ಹೋಗುತ್ತವೆ, ಎಲ್ಲೆಲ್ಲೂ ಜನರಿರುತ್ತಾರೆ. ಏರು ಬೇಕೆನ್ನುವವರು ಕೋಲಾರದ ಅಂತರಗಂಗೆಯ ಮೇಲೆ ತೇರಹಳ್ಳಿಗೆ ಹೋಗುವ ರಸ್ತೆ ಹಿಡಿಯಬಹುದು, ಬೆಟ್ಟದ ಮೇಲೆಯೇ ಊರುಗಳಿವೆ. ತುಮಕೂರಿನ ದೇವರಾಯನದುರ್ಗಕ್ಕೆ ಹೋದರೆ ನಾಮದ ಚಿಲುಮೆಯ ಟಾರು ರಸ್ತೆ ಬಿಟ್ಟು ಕಾಡಿಗೆ ಇಳಿಯಬೇಡಿ. ಆ ಕಾಡಿನಲ್ಲಿ ಚಿರತೆ, ಕರಡಿ ಎರಡೂ ಇವೆ.

ನಾವು ಹಿಡಿದ ಗೆರೆ ಆ್ಯಪ್‌ನಲ್ಲಿ ಇನ್ನೂ ಇದೆ, ಇನ್ನೂ ‘ಸುಲಭ’ವೆಂದೇ ಇದೆ. ನಿಮಗೆ ಸಿಕ್ಕ 46 ಕಿಲೋಮೀಟರ್‌ಗಳ ಸುತ್ತು ಪೇರೇಸಂದ್ರದ ಕಡೆ ಹೋಗಿ, ಇಪ್ಪತ್ತೇಳನೇ ಕಿಲೋಮೀಟರ್ ದಾಟಿ ಎಡಕ್ಕೆ ಗುಡ್ಡ ಏರುತ್ತಿದ್ದರೆ ಅದು ಇದೇ. ದಯವಿಟ್ಟು ಅಲ್ಲಿ ಏರಬೇಡಿ. ಬಲಕ್ಕೆ ಹಳ್ಳಿಯ ರಸ್ತೆ ಸಿಗುತ್ತದೆ, ಅದನ್ನೇ ಹಿಡಿದು ಹೆದ್ದಾರಿಗೆ ಬನ್ನಿ.