ಟಿಪಿ-ಲಿಂಕ್ ಆರ್ಚರ್ ಸಿ6: ಅಂಗಡಿ ಫೋನಿಗೆ ಖಾಯಂ ಐಪಿ ನಂಬರು ಕೊಟ್ಟ ರೌಟರ್

ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೊನೂ ತೆಗೆದುಕೊಡುತ್ತೇವೆ. ಕ್ಯಾಮೆರಾ ಕೆಲಸಕ್ಕೆ ಒಂದು ಆಂಡ್ರಾಯ್ಡ್ ಫೋನ್ ಇಟ್ಟಿದ್ದೇವೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿಬಿಡುತ್ತದೆ. ಹಾಗಾಗಿ ಫೋನಿನಲ್ಲಿ ವೈಫೈ ಮೂಲಕ ಫೈಲ್ ಸಾಗಿಸುವ ಎಫ್‌ಟಿಪಿ ಆನ್ ಮಾಡಿ, ಕಂಪ್ಯೂಟರಿಗೆ ನೇರವಾಗಿ ಎಳೆದುಕೊಳ್ಳುತ್ತೇವೆ. ಇದಕ್ಕೆ ಫೋನಿನ ಐಪಿ ಅಡ್ರೆಸ್, ಅಂದರೆ ವೈಫೈನಲ್ಲಿ ಫೋನನ್ನು ಗುರುತಿಸುವ ನಂಬರು, ಯಾವಾಗಲೂ ಒಂದೇ ಇರಬೇಕು. ದಿನಕ್ಕೊಂದು ಆದರೆ, ಪ್ರತಿ ಸಲ ಫೋನ್ ನೋಡಿ ಹೊಸದಾಗಿ ಟೈಪ್ ಮಾಡಬೇಕು. ಪರೀಕ್ಷೆ ಅರ್ಜಿಗೆ ಫೋಟೊ ಬೇಕೆಂದು ಹುಡುಗರು ಸಾಲಾಗಿ ನಿಂತಿರುವಾಗ ಇದು ದೊಡ್ಡ ರಗಳೆ.

ಮೊದಲು ಇಂಟರ್ನೆಟ್ ಕಂಪನಿಯವರು ಕೊಟ್ಟ ರೌಟರ್ ಡಬ್ಬಿಯೇ ಇತ್ತು. ಅದರಲ್ಲಿ ಅಡ್ರೆಸ್ ಕಾದಿರಿಸುವ ಸೌಲಭ್ಯ ಇರಲಿಲ್ಲ. ಇದ್ದ ನಂಬರನ್ನೆಲ್ಲ ವೈಫೈಗೆ ಬಂದವರಿಗೆ ಹಂಚುತ್ತಿತ್ತು. ಫೋನಿನಲ್ಲೇ ಸ್ಟ್ಯಾಟಿಕ್ (ನಾವೇ ಹಾಕಿದ ಬದಲಾಗದ ಅಡ್ರೆಸ್) ಮಾಡಿ, ಐಪಿಯ ಕೊನೆಯ ಅಂಕಿ 50 ಅಂತ ಕೊಟ್ಟಿದ್ದೆವು. ಆದರೆ ಆ ವಿಷಯ ಡಬ್ಬಿಗೆ ಗೊತ್ತಾಗಬೇಕಲ್ವಾ? ಬೆಳಿಗ್ಗೆ ನಮ್ಮ ಫೋನ್ ಆಫ್ ಇದ್ದಾಗ ಅದೇ 50 ಬೇರೆ ಯಾರದೋ ಫೋನಿಗೆ ಹೋಗಿರುತ್ತಿತ್ತು. ನಾವು ಆನ್ ಮಾಡಿದ ಕೂಡಲೇ ಎರಡೂ ಫೋನ್ ತೊದಲುತ್ತಿದ್ದವು. ನಮ್ಮ ಫೋಟೊ ಅರ್ಧಕ್ಕೇ ನಿಲ್ಲುತ್ತಿತ್ತು. "ಅಕ್ಕಾ, ವೈಫೈ ಕನೆಕ್ಟ್ ಇದೆ, ನೆಟ್ ಮಾತ್ರ ಬರ್ತಿಲ್ಲ" ಅಂತ ಆ ಕಡೆಯಿಂದ ದೂರು ಬೇರೆ.

ಆರ್ಚರ್ ಸಿ6 ತಂದಿದ್ದು ಇದಕ್ಕೇ. ಇದು ಎಸಿ1200 ಅನ್ನುವ ವೈಫೈ ವೇಗದ ದರ್ಜೆಯ ರೌಟರ್, ವೈರ್ ಸಿಕ್ಕಿಸುವ ಪೋರ್ಟುಗಳೆಲ್ಲ ಗಿಗಾಬಿಟ್ ವೇಗದವು. ವೇಗದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನನಗೆ ಹಿಡಿಸಿದ್ದು ಇದರ ಅಡ್ರೆಸ್ ರಿಸರ್ವೇಶನ್, ಅಂದರೆ ಒಂದು ಫೋನಿಗೆ ಒಂದು ಐಪಿ ಕಾದಿರಿಸುವ ಸೌಲಭ್ಯ. ಬ್ರೌಸರಿನಲ್ಲಿ 192.168.0.1 (ರೌಟರಿನ ಸೆಟ್ಟಿಂಗ್ ಪುಟ) ತೆರೆದು, ಅಡ್ವಾನ್ಸ್ಡ್ ಒಳಗೆ ನೆಟ್‌ವರ್ಕ್, ಅದರೊಳಗೆ ಡಿಎಚ್‌ಸಿಪಿ (ಅಡ್ರೆಸ್ ತಾನಾಗೇ ಹಂಚುವ ವ್ಯವಸ್ಥೆ) ಸರ್ವರ್‌ಗೆ ಹೋಗಬೇಕು. ಅಲ್ಲಿ ಫೋನಿನ ಮ್ಯಾಕ್ ಅಡ್ರೆಸ್ (ಫೋನಿನ ವೈಫೈ ಚಿಪ್ಪಿನ ಗುರುತು ಸಂಖ್ಯೆ) ಮತ್ತು ಬೇಕಾದ ಐಪಿ ಹಾಕಿ ಸೇವ್ ಮಾಡಿದರೆ ಮುಗಿಯಿತು. ಫೋನಿನಲ್ಲಿ ಐಪಿ ಸೆಟ್ಟಿಂಗನ್ನು ವಾಪಸ್ ಡಿಎಚ್‌ಸಿಪಿಗೇ ಇಟ್ಟೆ. ಫೋನ್ ಎಂದಿನಂತೆ ಅಡ್ರೆಸ್ ಕೇಳುತ್ತದೆ, ರೌಟರ್ ಪ್ರತಿ ಸಲ ಅದೇ 50 ಕೊಡುತ್ತದೆ. ಫೋನ್ ಆಫ್ ಇದ್ದರೂ ಆ ನಂಬರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಈಗ ಒಂದು ಶಾರ್ಟ್‌ಕಟ್ ಇದೆ. ಒತ್ತಿದರೆ ಫೋಟೊ ಫೋಲ್ಡರ್ ತೆರೆಯುತ್ತದೆ.

ಇದನ್ನು ಮಾಡುವ ಮುನ್ನ ಒಂದು ವಿಷಯ ಗಮನಿಸಲೇಬೇಕು. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ತೋರಿಸುವುದಿಲ್ಲ, ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ಕೊಡುತ್ತವೆ. ಐಫೋನಿನಲ್ಲೂ ಐಓಎಸ್ 14ರಿಂದ ಹೀಗೇ. ಹೊರಗಡೆ ಅದು ತುಂಬ ಒಳ್ಳೆಯದು, ಯಾರೂ ನಮ್ಮ ಜಾಡು ಹಿಡಿಯಬಾರದು. ಆದರೆ ಅಂಗಡಿಯ ಫೋನಿನಲ್ಲಿ, ಅಂಗಡಿ ವೈಫೈನ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ಡಿವೈಸ್ ಮ್ಯಾಕ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಫೋನ್ ರೀಸೆಟ್ ಮಾಡಿದ ದಿನ ರಿಸರ್ವೇಶನ್ ಕೈಕೊಡುತ್ತದೆ.

ಗಿರಾಕಿಗಳಿಗೆ ನಮ್ಮ ಫೋನ್, ಕಂಪ್ಯೂಟರ್ ಕಾಣದ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಟ್ಟಿದ್ದೇನೆ. ಜನರ ಫೋಟೊ ಇರುವ ಫೋನಿಗೆ ಹೊರಗಿನವರು ಕೈ ಹಾಕುವಂತಿರಬಾರದು. ಎಫ್‌ಟಿಪಿಗೆ ಪಾಸ್‌ವರ್ಡ್ ಕೂಡ ಹಾಕಿದೆ. ಈ ವಿಷಯದಲ್ಲಿ ಅಂಗಡಿಯವರು ಸಡಿಲ ಬಿಡಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸ್ಟ್ಯಾಟಿಕ್ ಮಾಡಿದರೆ ನೆಟ್ ಜೋರಾಗಿ ಓಡುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಅಡ್ರೆಸ್ ಕೇಳಿ ಪಡೆಯುವ ಕೆಲಸ ವೈಫೈಗೆ ಸೇರುವಾಗ ಕ್ಷಣದಲ್ಲಿ ಆಗಿಹೋಗುತ್ತದೆ, ಡೌನ್‌ಲೋಡ್ ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಯೂಟ್ಯೂಬ್, ವಾಟ್ಸಾಪ್ ನೋಡುವ ಫೋನಿಗೆ ಆಟೊಮ್ಯಾಟಿಕ್ ಸಾಕು, ಏನೂ ಮುಟ್ಟಬೇಡಿ. ಹಳೇ ಫೋನನ್ನು ಕ್ಯಾಮೆರಾ ಮಾಡಿ ಗೇಟಿಗೆ ಇಟ್ಟವರಿಗೆ, ನಮ್ಮಂಥ ಅಂಗಡಿಯವರಿಗೆ ಈ ರೌಟರ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಫೋನ್ ಬದಲಾಯಿಸಿದಾಗ ರೌಟರಿನಲ್ಲಿ ಹಳೇ ಮ್ಯಾಕ್ ತೆಗೆದು ಹೊಸದನ್ನು ಹಾಕಿ. ಐಪಿ ಮಾತ್ರ ಹಾಗೇ ಬಿಡಿ, ಕಂಪ್ಯೂಟರಿನ ಶಾರ್ಟ್‌ಕಟ್ ಮುಟ್ಟಬೇಕಾಗುವುದಿಲ್ಲ.