ಎಕ್ಸ್‌ಎಸ್‌ಎಲ್‌ಟಿ: ಹಳೇದು ನಿಜ, ಆದರೆ ಬಿಡೋಕಾಗಲ್ಲ

ಪುಸ್ತಕ, ಕೈಪಿಡಿಗಳ ಎಕ್ಸ್‌ಎಂಎಲ್ ಫೈಲುಗಳನ್ನು (ಪಠ್ಯದ ಪ್ರತಿ ಭಾಗಕ್ಕೂ ಟ್ಯಾಗ್ ಹಾಕಿಟ್ಟವು) ಎಚ್‌ಟಿಎಂಎಲ್, ಇ-ಪಬ್ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ವರ್ಷಗಳಿಂದ ಬಳಸುತ್ತಿರುವುದು ಎಕ್ಸ್‌ಎಸ್‌ಎಲ್‌ಟಿ. 1999ರ ಭಾಷೆ ಇನ್ನೂ ಯಾಕೆ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಟೆಂಪ್ಲೇಟ್‌ಗಳಿಗಾಗಿ, ಅಂದರೆ ಯಾವ ಟ್ಯಾಗಿಗೆ ಏನು ಮಾಡಬೇಕು ಅನ್ನುವ ನಿಯಮಗಳಿಗಾಗಿ, ಮತ್ತಿನ್ನೇನಿಲ್ಲ. ಪ್ಯಾರಾ ಸಿಕ್ಕರೆ ಹೀಗೆ, ಪಟ್ಟಿಯೊಳಗಿನ ಪ್ಯಾರಾ ಆದರೆ ಹಾಗೆ ಅಂತ ಹೇಳಿಟ್ಟರೆ ಸಾಕು, ಯಾವುದರೊಳಗೆ ಯಾವುದು ಎಷ್ಟು ಆಳದಲ್ಲಿದ್ದರೂ ಅದೇ ಹುಡುಕಿಕೊಳ್ಳುತ್ತದೆ.

ಸಂಪಾದಕರ ಟಿಪ್ಪಣಿಗಳನ್ನಷ್ಟೇ ತೆಗೆದು ಉಳಿದದ್ದನ್ನು ಇದ್ದ ಹಾಗೇ ಬಿಡಬೇಕು ಅಂದುಕೊಳ್ಳಿ. ಈ ಭಾಷೆಯ 3.0 ಆವೃತ್ತಿಯಲ್ಲಿ ಮೋಡ್‌ಗೆ ‘ಶಾಲೋ-ಕಾಪಿ’ (ನಿಯಮ ಇಲ್ಲದ್ದನ್ನೆಲ್ಲ ಇದ್ದ ಹಾಗೇ ನಕಲಿಸು) ಅಂತ ಒಂದು ಸಾಲು, ಟಿಪ್ಪಣಿ ಟ್ಯಾಗಿಗೆ ಮ್ಯಾಚ್ ಆಗುವ ಒಂದು ಖಾಲಿ ಟೆಂಪ್ಲೇಟ್. ಮುಗಿಯಿತು. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿಯಲ್ಲಿ ಸುಮ್ನೆ ರಿಮೂವ್ ಅಂದರೆ ಟ್ಯಾಗ್ ಮುಗಿದ ಮೇಲೆ ಬರುವ ಪಠ್ಯವೂ ಅದರ ಜೊತೆಗೇ ಹೋಗುತ್ತದೆ, ಅರ್ಧ ವಾಕ್ಯ ಮಾಯ!

ತಲೆ ತಿನ್ನುವುದು ನೇಮ್‌ಸ್ಪೇಸ್, ಅಂದರೆ ಟ್ಯಾಗಿನ ಹೆಸರು ಯಾವ ಗುಂಪಿಗೆ ಸೇರಿದ್ದು ಅನ್ನುವ ಗುರುತು. ಫೈಲಿನ ಮೇಲೆ ಒಂದು ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದು ನೀವು ಅದನ್ನು ಹೇಳದಿದ್ದರೆ ನಿಮ್ಮ ಒಂದು ಟೆಂಪ್ಲೇಟೂ ಮ್ಯಾಚ್ ಆಗಲ್ಲ. ಎರರ್ ಬಂದರೆ ಪರವಾಗಿಲ್ಲ, ಅದೂ ಬರಲ್ಲ. ಟ್ಯಾಗೆಲ್ಲ ಉದುರಿ ಬರೀ ಅಕ್ಷರಗಳ ಮುದ್ದೆ ಹೊರಬಂದರೆ ಮೊದಲು ಅಲ್ಲೇ ನೋಡಿ. 2.0ರಿಂದ ‘ಎಕ್ಸ್‌ಪಾತ್-ಡೀಫಾಲ್ಟ್-ನೇಮ್‌ಸ್ಪೇಸ್’ ಅಂತ ಒಂದು ಕಡೆ ಬರೆದರೆ ಸರಿಹೋಗುತ್ತದೆ. ಇನ್ನು ಇಫ್ ಇದೆ, ಎಲ್ಸ್ ಇಲ್ಲ! ಚಿಕ್ಕದೊಂದು ಷರತ್ತಿಗೂ ಚೂಸ್, ವೆನ್, ಅದರ್‌ವೈಸ್ ಅಂತ ಐದಾರು ಸಾಲು ಕುಟ್ಟಬೇಕು. ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆ ಬದಲಾಗಲ್ಲ, ಜಾವಾದಿಂದ ಬಂದವರು ಇಲ್ಲೇ ಸಿಟ್ಟಾಗುವುದು.

ಯಾವ ವರ್ಷನ್ ಅನ್ನುವುದು ತುಂಬಾ ಮುಖ್ಯ. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುವ ಎಕ್ಸ್‌ಎಸ್‌ಎಲ್‌ಟಿ-ಪ್ರೋಕ್ (ಇದನ್ನು ಓಡಿಸುವ ಪ್ರೋಗ್ರಾಂ) 1.0ಕ್ಕೇ ನಿಂತಿದೆ. ಅದರಲ್ಲಿ ದಾಖಲೆಗಳನ್ನು ಜಿಲ್ಲಾವಾರು ಗುಂಪು ಮಾಡಬೇಕೆಂದರೆ ಕೀ, ಜನರೇಟ್-ಐಡಿ ಎಲ್ಲ ಸೇರಿಸಿ ಸರ್ಕಸ್ ಮಾಡಬೇಕು. 2007ರ 2.0ರಲ್ಲಿ ‘ಫಾರ್-ಈಚ್-ಗ್ರೂಪ್’ ಬಂದ ಮೇಲೆ ಆ ಕಾಟ ತಪ್ಪಿತು. ಹಾಗಾಗಿ ನೇರವಾಗಿ ಸ್ಯಾಕ್ಸನ್-ಎಚ್‌ಇ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ, ಉಚಿತ, 3.0 ನಡೆಯುತ್ತದೆ. ಮೆಮೊರಿಯಲ್ಲಿ ಹಿಡಿಯದಷ್ಟು ದೊಡ್ಡ ಫೈಲುಗಳಿಗೆ ಬೇಕಾದ ಸ್ಟ್ರೀಮಿಂಗ್ (ಫೈಲನ್ನು ಸ್ವಲ್ಪಸ್ವಲ್ಪವಾಗಿ ಓದುತ್ತ ಹೋಗುವುದು) ಮಾತ್ರ ದುಡ್ಡು ಕೊಟ್ಟು ತಗೊಳ್ಳುವ ಸ್ಯಾಕ್ಸನ್-ಇಇ ಆವೃತ್ತಿಯಲ್ಲಿದೆ, ಅದೊಂದು ಬೇಜಾರು. ಬ್ರೌಸರಿನೊಳಗೆ ಓಡಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಲ್ಲಿ ಯಾವತ್ತೂ 1.0 ದಾಟಲೇ ಇಲ್ಲ, ಕ್ರೋಮ್ ಅಂತೂ ಅದನ್ನೂ ತೆಗೆಯುತ್ತೇವೆ ಅಂತ ಹೇಳಿಯಾಗಿದೆ.

ಬರೀ ಜೇಸನ್ (ಡೇಟಾ ಬರೆದಿಡುವ ಇನ್ನೊಂದು ರೂಪ) ಇರುವವರಿಗೆ ಇದು ಬೇಡ, ಜೆಕ್ಯೂ ಅನ್ನುವ ಪುಟ್ಟ ಸಾಧನ ಸಾಕು. 3.0ರಲ್ಲಿ ಜೇಸನ್ ಓದಬಹುದು, ಆದರೆ ಅಷ್ಟಕ್ಕೇ ಇದನ್ನು ಕಲಿಯುವ ಕಷ್ಟ ಯಾಕೆ ಅಲ್ವಾ?