ಪೋಕರ್ ನೌ: ಟೇಬಲ್ ಚೆನ್ನಾಗಿದೆ, ದುಡ್ಡು ಮಾತ್ರ ಬೇಡ

ನಾವು ಆರು ಜನ, ಹಾಸನದಲ್ಲಿ ಒಟ್ಟಿಗೆ ಓದಿದವರು. ಈಗ ಒಬ್ಬ ದಾವಣಗೆರೆ, ಒಬ್ಬ ಪುಣೆ, ಉಳಿದವರು ಬೆಂಗಳೂರಿನ ಬೇರೆ ಬೇರೆ ಮೂಲೆಗಳಲ್ಲಿದ್ದೇವೆ. 2020ರ ಲಾಕ್‌ಡೌನ್‌ನಲ್ಲಿ ಶನಿವಾರ ರಾತ್ರಿ ಸೇರಲು ನಮಗೆ ಸಿಕ್ಕ ಜಾಗ ಪೋಕರ್ ನೌ, ಗೆಳೆಯರು ಸೇರಿ ಪೋಕರ್ ಎಂಬ ಇಸ್ಪೀಟಾಟ ಆಡುವ ವೆಬ್‌ಸೈಟ್.

ಬಳಸುವುದು ತುಂಬಾ ಸುಲಭ. ಅಕೌಂಟ್ ಬೇಡ, ಆ್ಯಪ್ ಇಳಿಸಿಕೊಳ್ಳುವುದೂ ಬೇಡ. ಒಬ್ಬರು ಟೇಬಲ್ ತೆರೆದು ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದರೆ ಸಾಕು. ಉಳಿದವರು ಸೀಟು ಕೇಳುತ್ತಾರೆ, ಟೇಬಲ್ ತೆರೆದವರು ಒಪ್ಪಿ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆಗಳನ್ನು, ಕೊಡುತ್ತಾರೆ. ಫೋನ್‌ನಲ್ಲೂ ಎಲೆಗಳು ಸ್ಪಷ್ಟವಾಗಿ ಕಾಣುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೆಡ್ಜರ್. ಯಾರು ಎಷ್ಟು ಚಿಪ್ಸ್ ತೆಗೆದುಕೊಂಡರು, ಕೊನೆಗೆ ಎಷ್ಟು ಉಳಿಯಿತು ಅಂತ ಅದರಲ್ಲಿ ಸಾಲಾಗಿ ಬರುತ್ತದೆ.

ಆ ಲೆಡ್ಜರ್ ಬಗ್ಗೆಯೇ ನಾನು ಹೇಳಬೇಕಾದದ್ದು ಜಾಸ್ತಿ ಇದೆ.

ಸೈಟಿನಲ್ಲಿ ಓಡುವುದು ಬರೀ ಚಿಪ್ಸ್. ಅದಕ್ಕೆ ರೂಪಾಯಿ ಅಂಟಿಸಿದವರು ನಾವು. ಮೊದಲು ತಲೆಗೆ 200 ರೂಪಾಯಿ. ಎರಡು ತಿಂಗಳಲ್ಲಿ ಅದು 1,000 ಆಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಸುಮ್ನೆ ಏರುತ್ತಾ ಹೋಯಿತು. ಟೇಬಲ್ ನಡೆಸುತ್ತಿದ್ದವನು ನಾನು. ಆಟ ಮುಗಿದ ಮೇಲೆ ಲೆಡ್ಜರ್‌ನ ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಹಾಕುತ್ತಿದ್ದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಯುಪಿಐನಲ್ಲಿ ಲೆಕ್ಕ ಚುಕ್ತಾ.

ದಾವಣಗೆರೆಯ ಗೆಳೆಯ ಯಾವತ್ತೂ ತಡ ಮಾಡಿದವನಲ್ಲ. ಎಲ್ಲರಿಗಿಂತ ಮೊದಲು ಅವನ ದುಡ್ಡೇ ಬರುತ್ತಿತ್ತು. ದೀಪಾವಳಿಗೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಅವನ ಹೆಂಡತಿ ಹೇಳಿದರು: ಮೂರು ತಿಂಗಳಿಂದ ಅವನಿಗೆ ಸಂಬಳವೇ ಬಂದಿಲ್ಲ. ಆ ರಾತ್ರಿ ಹಳೆಯ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ತೆಗೆದು ನೋಡಿದೆ. 14 ಶನಿವಾರಗಳಲ್ಲಿ 11 ಸಲ ಅವನು ಮತ್ತೆ ಮತ್ತೆ ಚಿಪ್ಸ್ ಕೇಳಿದ್ದ. ಪ್ರತಿ ಸಲವೂ ಒಪ್ಪಿಗೆಯ ಬಟನ್ ಒತ್ತಿದವನು ನಾನೇ. ಅವನಿಂದ ನನಗೊಬ್ಬನಿಗೇ ಬಂದದ್ದು 9,400 ರೂಪಾಯಿ. ವಾಪಸ್ ಕಳಿಸಿದೆ. ಅವನು ತಿರುಗಿ ಕಳಿಸಿದ. 'ಬೇರೆ ಎಲ್ಲಿ ಸಿಗ್ತೀರೋ ನೀವು? ಅದಕ್ಕೇ ಬರ್ತಿದ್ದೆ' ಅಂದ. ಆ ಮಾತು ಈಗಲೂ ಚುಚ್ಚುತ್ತದೆ. ಗೆಳೆಯರ ಜೊತೆ ಕೂರಲು ಅವನು ವಾರ ವಾರ ದುಡ್ಡು ಕಟ್ಟುತ್ತಿದ್ದ. ಅದನ್ನು ನಾನು ಗೆಲುವು ಅಂದುಕೊಂಡಿದ್ದೆ. ಎದುರುಬದುರು ಕೂತಿದ್ದರೆ ಅವನ ಮುಖ ನೋಡಿಯೇ ಗೊತ್ತಾಗುತ್ತಿತ್ತು, ಅಲ್ವಾ? ಸ್ಕ್ರೀನ್ ಮೇಲೆ ಇರುವುದು ಹೆಸರು, ಅದರ ಕೆಳಗೊಂದು ಅಂಕಿ.

ಅಪ್ಪನ ಕಾಲದಲ್ಲಿ ನಮ್ಮ ಊರಲ್ಲಿ ಯುಗಾದಿ ಬಂದರೆ ಇಸ್ಪೀಟು ಇದ್ದೇ ಇರುತ್ತಿತ್ತು. ಜಗುಲಿ ಮೇಲೆ ಅಂದರ್ ಬಾಹರ್. ಹಾಗಂತ ಅದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಒಬ್ಬ ತೀರಾ ಸೋತರೆ ಹಿರಿಯರು ಯಾರಾದರೂ 'ಎದ್ದು ಊಟ ಮಾಡು ಹೋಗು' ಅಂತ ಗದರಿಸಿ ಎಬ್ಬಿಸುತ್ತಿದ್ದರು. ನಮ್ಮ ಟೇಬಲ್‌ನಲ್ಲಿ ಆ ಕೆಲಸ ನನ್ನದಾಗಿತ್ತು. ನಾನು ಮಾಡಲಿಲ್ಲ.

ಮೋಸದ ವಿಷಯವನ್ನೂ ಹೇಳಬೇಕು. ಪೋಕರ್‌ನಲ್ಲಿ ಬ್ಲಫ್ ಮಾಡುವುದು, ಅಂದರೆ ಕೆಟ್ಟ ಎಲೆ ಇಟ್ಟುಕೊಂಡೂ ಒಳ್ಳೆಯದಿದೆ ಅಂತ ನಟಿಸುವುದು, ಮೋಸವಲ್ಲ, ಅದೇ ಆಟ. ಆದರೆ ಒಂದೇ ಕೋಣೆಯಲ್ಲಿ ಇಬ್ಬರು ಕೂತು ಎಲೆ ತೋರಿಸಿಕೊಂಡರೆ? ನನ್ನ ಕೈಯಲ್ಲಿ ಎರಡು ಆಟಿನ್ (ಹಾರ್ಟ್ಸ್), ಎಲ್ಲರಿಗೂ ಕಾಣುವಂತೆ ಟೇಬಲ್ ಮೇಲೆ ಎರಡು ಆಟಿನ್ ಇದ್ದರೆ ಒಟ್ಟು 13ರಲ್ಲಿ ಇನ್ನೂ 9 ಬಾಕಿ ಇವೆ ಅಂತ ನನ್ನ ಲೆಕ್ಕ. ಪಕ್ಕದವನ ಕೈಯಲ್ಲೂ ಎರಡಿವೆ ಅಂತ ಗೊತ್ತಾದರೆ ಅದು 7 ಆಗುತ್ತದೆ. ಉಳಿದವರಿಗೆ ಗೊತ್ತಿಲ್ಲದ ಸಂಗತಿ ನನಗೊಬ್ಬನಿಗೆ ಗೊತ್ತು. ಯಾವ ವೆಬ್‌ಸೈಟೂ ಆ ಕೋಣೆಯೊಳಗೆ ಇಣುಕಲಾರದು. ಹಾಗಾಗಿ ಒಂದೇ ಮನೆಯಲ್ಲಿರುವವರು ಬೇರೆ ಬೇರೆ ಕೋಣೆಯಲ್ಲಿ ಕೂರಬೇಕು. ಇದು ನಮ್ಮ ನಿಯಮ.

ಕಾನೂನೂ ಈಗ ಬದಲಾಗಿದೆ. ಕರ್ನಾಟಕ 2021ರಲ್ಲಿ ಪಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯ್ದೆ ತಂದಿತು. ಹಣದ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ನಾವು ದುಡ್ಡು ಬಿಟ್ಟದ್ದು ಅದಕ್ಕೂ ಮೊದಲೇ, ಆ ದೀಪಾವಳಿಯ ಮುಂದಿನ ಶನಿವಾರ.

ದುಡ್ಡಿಲ್ಲದೆ ಆಡಿದಾಗ ಒಂದು ತೊಂದರೆ ನಿಜ. ಎಲ್ಲರೂ ಎರಡನೇ ಎಲೆಗೇ ಆಲ್ ಇನ್ ಅಂತ ಇರುವ ಚಿಪ್ಸ್ ಎಲ್ಲ ಪಣಕ್ಕಿಡುತ್ತಾರೆ, ಆಟ ಹಳಸುತ್ತದೆ. ನಾವು ಕಂಡುಕೊಂಡ ದಾರಿ ಹೀಗಿದೆ: ರಾತ್ರಿಗೆ ಒಂದೇ ಸಲ 1,000 ಚಿಪ್ಸ್, ಖಾಲಿಯಾದರೆ ಮತ್ತೆ ಇಲ್ಲ. ಆಗ ಫೋಲ್ಡ್ ಮಾಡುವ, ಅಂದರೆ ಎಲೆ ಬಿಟ್ಟು ಹಿಂದೆ ಸರಿಯುವ, ಯೋಚನೆಯನ್ನೂ ಮಾಡುತ್ತಾರೆ. ಈಗ ಟೇಬಲ್ ನಡೆಸುವುದು ದಾವಣಗೆರೆಯವನು. ಒಂಬತ್ತೂವರೆಗೆ ಲಿಂಕ್ ಹಾಕುತ್ತಾನೆ. ಮೊದಲು ಔಟ್ ಆದವರು ಗ್ರೂಪ್ ಕಾಲ್ ಬಿಟ್ಟು ಹೋಗುವ ಹಾಗಿಲ್ಲ, ಕೂತು ಊರಿನ ಸುದ್ದಿ ಹೇಳಬೇಕು.